ಭಾರ ಮರಕ್ಕೆ, ಎಳೆತ ಕಬ್ಬಿಣಕ್ಕೆ: ಒಂದು ತೋಟದ ಎಳೆಬಂಡಿಯ ಅಡಿಪಟ್ಟಿ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಒಂದು ಅಡಕೆ ತೋಟ. ಮನೆ, ದನದ ಹಟ್ಟಿ, ಅಂಗಳ ಗುಡ್ಡೆಯ ಬದಿಯಲ್ಲಿ. ತೋಟ ಕೆಳಗೆ, ತೋಡಿನ (ಸಣ್ಣ ಹೊಳೆಯ) ಬದಿಯಲ್ಲಿ. ನಡುವೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕಡಿದು ಮಾಡಿದ ಇಳಿಜಾರು ದಾರಿ. ನಮ್ಮ ಕಡೆ ಹೆಚ್ಚಿನ ತೋಟಗಳು ಇರುವುದೇ ಹೀಗೆ. ಗೊಬ್ಬರ ಕೆಳಗೆ ಇಳಿಯಬೇಕು. ಅಡಕೆ ಗೊನೆ ಮೇಲೆ ಬರಬೇಕು. ಮಳೆ ನಿಂತು ತೋಡಿನ ಹರಿವು ಕಡಿಮೆಯಾದ ಮೇಲೆ ಅದಕ್ಕೆ ಅಡ್ಡಲಾಗಿ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುವುದಕ್ಕೆ ಕಲ್ಲು, ಮಣ್ಣು ಹೋಗಬೇಕು. ಇದೇ ಜಿಲ್ಲೆಯ ಏತಡ್ಕದಂಥ ಕಡೆ ತೋಡಿನುದ್ದಕ್ಕೂ ಸಾಲು ಸಾಲಾಗಿ ಕಟ್ಟ ಹಾಕುವ ಪದ್ಧತಿ ಉಂಟಲ್ಲ, ಅದರ ಹಿಂದೆ ಎಷ್ಟು ಹೊರೆ ಇದೆ ಎಂದು ಹೊತ್ತವರಿಗೇ ಗೊತ್ತು. ಈಗ ಹೊರುವುದಕ್ಕೆ ಜನ ಸಿಗುವುದು ಕಷ್ಟ. ಸಿಕ್ಕಿದವರ ಮೊಣಕಾಲಿಗೂ ವಯಸ್ಸಾಗಿದೆ.

ಗಾಲಿಯ ಕೈಗಾಡಿ ಈ ತೋಟದಲ್ಲಿ ನಡೆಯುವುದಿಲ್ಲ. ಅಡಕೆ ಸಾಲುಗಳ ನಡುವೆ ನೀರು ಬಸಿಯುವ ಕಣಿ ಇದೆ, ಸುಮಾರು 60 ಸೆಂಟಿಮೀಟರ್ ಅಗಲ. ಅದಕ್ಕೆ ಗಾಲಿ ಇಳಿದರೆ ಹತ್ತುವುದಿಲ್ಲ. ಕಣಿ ಇಲ್ಲದ ಕಡೆಯೂ ಮಣ್ಣು ಮೆದು. 100 ಕಿಲೋ ಭಾರವನ್ನು ಒಂದು ಗಾಲಿ ಅಂಗೈಯಗಲದ ಜಾಗದಲ್ಲಿ ಒತ್ತಿದರೆ ಹೂತುಹೋಗದೆ ಇನ್ನೇನಾದೀತು? ಅದೇ ಭಾರ ಎರಡು ಉದ್ದದ ಪಟ್ಟಿಗಳ ಮೇಲೆ ಕೂತರೆ ಲೆಕ್ಕ ಬೇರೆ. 5 ಸೆಂಟಿಮೀಟರ್ ಅಗಲ, 130 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಎಂದರೆ 1300 ಚದರ ಸೆಂಟಿಮೀಟರ್. ಬಂಡಿ ಸೇರಿ 300 ಕಿಲೋ ಇಟ್ಟರೂ ಒಂದು ಚದರ ಸೆಂಟಿಮೀಟರಿಗೆ ಕಾಲು ಕಿಲೋ ಕೂಡ ಬೀಳುವುದಿಲ್ಲ. ಒಬ್ಬ ಮನುಷ್ಯ ಒಂಟಿ ಕಾಲಲ್ಲಿ ನಿಂತಾಗ ನೆಲಕ್ಕೆ ಬೀಳುವ ಒತ್ತಡ ಇದಕ್ಕಿಂತ ಜಾಸ್ತಿ. ಮಕ್ಕಳು ಅಡಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ: ಅಗಲ ಅಡಿ, ಎತ್ತಿದ ಮೂಗು.

ಹಾಗಾಗಿ ತೋಟದ ಯಜಮಾನರು ಗಾಲಿಯಿಲ್ಲದ ಎಳೆಬಂಡಿಗೆ ಬಂದರು. ಅವರು ನನಗೆ ಸಂಬಂಧದಲ್ಲಿ ಭಾವ. ಹೆಬ್ಬಲಸಿನ ಮರದ ಎರಡು ಕಾಲು, ಅದರ ಮೇಲೆ ಅಡ್ಡ ಹಲಗೆ, ಕಾಲಿನ ಅಡಿಗೆ ಕಬ್ಬಿಣದ ಪಟ್ಟಿ. ಇಷ್ಟೇ. ಮರದ ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ. ಪಟ್ಟಿ ಮಾತ್ರ ನಿಲ್ಲಲಿಲ್ಲ. ನನ್ನ ವರ್ಕ್‌ಶಾಪಿಗೆ ಬಂಡಿ ಬರುವ ಮೊದಲು ಎರಡು ಸಲ ಬೇರೆ ಬೇರೆ ಕಡೆ ಪಟ್ಟಿ ಹಾಕಿಸಿ ಆಗಿತ್ತು, ಎರಡೂ ಸಲ ಹೋಗಿತ್ತು. ಎರಡು ಬಗೆಯ ಪಟ್ಟಿಗಳ ತುಂಡುಗಳನ್ನೂ ಭಾವ ಗೋಣಿಯಲ್ಲಿ ಹಾಕಿ ತಂದಿದ್ದರು. ಅದು ತುಂಬಾ ಒಳ್ಳೆಯದಾಯಿತು. ಮುರಿದ ಕಬ್ಬಿಣ ನೋಡದೆ ಹೊಸದು ಮಾಡಲು ಹೊರಟರೆ ಸುಮ್ನೆ ದಪ್ಪ ಪಟ್ಟಿ ಹಾಕಿ ಕೊಡುವುದಾಗುತ್ತದೆ.

ಮುರಿದದ್ದು ಎಲ್ಲಿ?

ಮೊದಲನೆಯದು 6 ಮಿಲಿಮೀಟರ್ ದಪ್ಪದ ಸಾದಾ ಕಬ್ಬಿಣದ ಫ್ಲಾಟ್, ಅಂದರೆ ಚಪ್ಪಟೆ ಪಟ್ಟಿ. ಅಡಿಯಿಂದ ತೂತು ಹಾಕಿ, ತಲೆ ಒಳಗೆ ಹುದುಗುವ ಹಾಗೆ ತೂತಿನ ಬಾಯಿ ಅಗಲ ಮಾಡಿ, 10 ಮಿಲಿಮೀಟರ್ ಬೋಲ್ಟನ್ನು ಮರದ ಮೂಲಕ ಮೇಲಕ್ಕೆ ತೆಗೆದು ನಟ್ಟು ಬಿಗಿದಿದ್ದರು. ನೋಡುವುದಕ್ಕೆ ಚೊಕ್ಕ ಕೆಲಸ. ಆದರೆ ಆ ಬೋಲ್ಟಿನ ತಲೆ ಕೂರುವುದಕ್ಕೇ ಪಟ್ಟಿಯ ದಪ್ಪ ಹೆಚ್ಚುಕಡಿಮೆ ಪೂರ್ತಿ ಬೇಕು. ಪಟ್ಟಿ ಅರ್ಧ ಸವೆಯುವ ಹೊತ್ತಿಗೆ ತಲೆಯೂ ಅರ್ಧ ಸವೆದಿರುತ್ತದೆ. ಆಮೇಲೆ ಪಟ್ಟಿಯನ್ನು ಹಿಡಿದಿಡುವುದು ಒಂದು ತೆಳು ಅಂಚು ಮಾತ್ರ. ಭಾವ ತಂದ ತುಂಡಿನಲ್ಲಿ ಇದು ಕಣ್ಣಿಗೆ ಕಾಣುತ್ತಿತ್ತು: ತೂತುಗಳು ಅಗಲವಾಗಿ, ಬಾಯಿ ಕತ್ತಿಯ ಹಾಗೆ ಹರಿತವಾಗಿ, ಬೋಲ್ಟಿನ ತಲೆ ಬಿಲ್ಲೆಯಷ್ಟಾಗಿ ಉಳಿದಿತ್ತು. ಪಟ್ಟಿಯಲ್ಲಿ ಇನ್ನೂ ಅರ್ಧ ಕಬ್ಬಿಣ ಬಾಕಿ ಇತ್ತು. ಕಬ್ಬಿಣ ಮುಗಿದು ಹೋದದ್ದಲ್ಲ, ಹಿಡಿತ ಮುಗಿದದ್ದು.

ಇಲ್ಲಿನ ನೆಲವೂ ಅಂಥದ್ದೇ. ಮುರ ಮಣ್ಣಿನ ಗಟ್ಟಿ ಹರಳುಗಳಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಜೊತೆಗೆ ಬೆಣಚುಕಲ್ಲಿನ ಕಣಗಳು. ಎರಡೂ ಸಾದಾ ಕಬ್ಬಿಣಕ್ಕಿಂತ ಗಡುಸು. ಹೊಯಿಗೆ ಕಾಗದದ (ಸ್ಯಾಂಡ್ ಪೇಪರಿನ) ಮೇಲೆ ಎಳೆಯುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಎರಡನೆಯದು ಗುಜರಿಯಿಂದ ತಂದ ಜೀಪಿನ ಸ್ಪ್ರಿಂಗ್ ಪ್ಲೇಟ್. ಯೋಚನೆ ತಪ್ಪಲ್ಲ. ಸ್ಪ್ರಿಂಗ್ ಪ್ಲೇಟ್ ಸಾದಾ ಫ್ಲಾಟಿಗಿಂತ ಎಷ್ಟೋ ಗಡುಸು, ಸವೆಯುವುದು ನಿಧಾನ, ಮೇಲಾಗಿ ಮೊದಲೇ ಬಾಗಿರುತ್ತದೆ. ತೂತು ಕೊರೆಯಲು ಬಿಟ್ ಹೋಗಲಿಲ್ಲ ಎಂದು ಅದಕ್ಕೆ ಕಿವಿಗಳನ್ನು, ಅಂದರೆ ಬೋಲ್ಟು ತೂರಿಸುವ ತುಂಡುಗಳನ್ನು, ವೆಲ್ಡ್ ಮಾಡಿದ್ದರು. ತೊಂದರೆ ಅಲ್ಲಿ ಶುರುವಾದದ್ದು. ಆ ಉಕ್ಕಿನಲ್ಲಿ ಇಂಗಾಲ ಅರ್ಧ ಶೇಕಡಾಕ್ಕಿಂತ ಜಾಸ್ತಿ. ಸಾದಾ ರಾಡಿನಿಂದ ವೆಲ್ಡ್ ಮಾಡಿ ಹಾಗೇ ಗಾಳಿಗೆ ಬಿಟ್ಟರೆ ವೆಲ್ಡಿನ ಪಕ್ಕದ ಪಟ್ಟೆ ಬೇಗ ತಣಿದು, ಗಡುಸಾಗಿ, ಪೆಡಸಾಗುತ್ತದೆ. ಬಿರುಕು ವೆಲ್ಡಿನಲ್ಲಿ ಬರುವುದಿಲ್ಲ, ಅದರ ಮಗ್ಗುಲಲ್ಲಿ ಬರುತ್ತದೆ. ತಂದ ತುಂಡಿನಲ್ಲೂ ವೆಲ್ಡ್ ಗಟ್ಟಿಯಾಗಿತ್ತು. ಕಿವಿ ತನ್ನ ಬುಡದ ಸ್ಪ್ರಿಂಗ್ ಉಕ್ಕನ್ನೇ ಸಿಗಿದುಕೊಂಡು ಬಂದಿತ್ತು. ಮೊದಲೇ ಕಾಯಿಸಿ, ಕಡಿಮೆ ಹೈಡ್ರೋಜನ್ನಿನ ರಾಡ್ ಹಾಕಿ, ಬೂದಿಯಲ್ಲಿ ಹುಗಿದು ನಿಧಾನವಾಗಿ ತಣಿಸಿದರೆ ನಿಲ್ಲಬಹುದು. ಆದರೆ ಅಷ್ಟು ಕಾಯಿಸಿದ ಕಡೆ ಆ ಗಡಸುತನವೂ ಹೋಗುತ್ತದೆ. ಯಾವುದಕ್ಕಾಗಿ ಸ್ಪ್ರಿಂಗ್ ತಂದೆವೋ ಅದನ್ನೇ ಕಳೆದುಕೊಂಡ ಹಾಗೆ.

ಎರಡೂ ಸಲ ಪಟ್ಟಿ ಕಿತ್ತು ಬಂದದ್ದು ಮೂಗಿನ ಕಡೆಯಿಂದ, ಅಂದರೆ ಮುಂದೆ ಮೇಲಕ್ಕೆ ಬಾಗಿದ ತುದಿಯಿಂದ. ಕೆಲಸಕ್ಕೆ ಬರುವ ಹಿರಿಯರೊಬ್ಬರನ್ನು ಕೇಳಿದೆ, ಯಾವಾಗ ಕಿತ್ತಿತು ಅಂತ. ಗೊಬ್ಬರ ಇಳಿಸುವಾಗ ಅಲ್ಲ, ಕಲ್ಲು ಮೇಲಕ್ಕೆ ತರುವಾಗ ಎಂದರು. ಕಟ್ಟ ಬಿಚ್ಚಿದ ಮೇಲೆ ಉಳಿದ ಕಲ್ಲನ್ನು ದಾರಿ ರಿಪೇರಿಗೆಂದು ಮೇಲೆ ತರುತ್ತಿದ್ದರಂತೆ. ಒಂದೊಂದು ಮುರಕಲ್ಲು 30 ಕಿಲೋ ಆಸುಪಾಸು, ಎಂಟು ಕಲ್ಲಿಗೆ ಹತ್ತಿರ ಹತ್ತಿರ 250 ಕಿಲೋ. ಇಬ್ಬರಿಂದ ಎಳೆಯಲು ಆಗುವುದಿಲ್ಲ. ದಾರಿಯ ತಲೆಯಲ್ಲಿ ಜೀಪು ನಿಲ್ಲಿಸಿ, ಹಗ್ಗ ಕಟ್ಟಿ ಎಳೆಸಿದ್ದಾರೆ. ಅಲ್ಲಿ ನನಗೆ ವಿಷಯ ಅರ್ಥ ಆಯಿತು. ಮನುಷ್ಯ ಎಳೆಯುವಾಗ ಬೇರು ತಾಗಿದರೆ ಭುಜಕ್ಕೆ ಗೊತ್ತಾಗುತ್ತದೆ, ನಿಲ್ಲುತ್ತಾನೆ. ಜೀಪಿಗೆ ಗೊತ್ತಾಗುವುದಿಲ್ಲ.

ಎಳೆತ ಯಾವ ದಾರಿಯಲ್ಲಿ ಹೋಗುತ್ತದೆ?

ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಯೋಚಿಸಬೇಕಾದ್ದು ಇದೊಂದೇ.

ಹಳೆಯ ಬಂಡಿಯಲ್ಲಿ ಹಗ್ಗ ಕಟ್ಟುವ ಬಳೆ ಮರದ ಅಡ್ಡ ಹಲಗೆಯಲ್ಲಿತ್ತು. ನೆಲ ಹಿಂದಕ್ಕೆ ಎಳೆಯುವುದು ಯಾವುದನ್ನು? ಕಬ್ಬಿಣದ ಪಟ್ಟಿಯನ್ನು. ನಾವು ಮುಂದಕ್ಕೆ ಎಳೆಯುವುದು? ಮರವನ್ನು. ಅಂದರೆ ಇಡೀ ಉಜ್ಜಾಟ (ಘರ್ಷಣೆ) ಬೋಲ್ಟುಗಳ ಮೂಲಕವೇ ಹೋಗಬೇಕು. ಪಟ್ಟಿಯನ್ನು ಮರದಿಂದ ಸುಲಿಯುವ ಕೆಲಸವನ್ನು ನಾವೇ ಮಾಡುತ್ತಿದ್ದೇವೆ, ಅಲ್ವಾ?

ಬಳೆಯನ್ನು ಪಟ್ಟಿಯ ಮೂಗಿಗೇ ಹಾಕಿದರೆ ಲೆಕ್ಕ ತಿರುಗುತ್ತದೆ. ನೆಲದ ಉಜ್ಜಾಟ ಕಬ್ಬಿಣಕ್ಕೆ, ಹಗ್ಗದ ಎಳೆತವೂ ಅದೇ ಕಬ್ಬಿಣಕ್ಕೆ. ಸಮ ನೆಲದಲ್ಲಿ ಒಂದೇ ವೇಗದಲ್ಲಿ ಎಳೆಯುವಾಗ ಎರಡೂ ಪಟ್ಟಿಯಲ್ಲೇ ಸರಿದೂಗುತ್ತವೆ. ಬೋಲ್ಟಿಗೆ ಬರುವುದು ಏರಿನಲ್ಲಿ ಹೊರೆ ಹಿಂದಕ್ಕೆ ಜಗ್ಗುವ ಪಾಲು ಮತ್ತು ಬೇರು ತಾಗಿದಾಗಿನ ಕುಲುಕು ಮಾತ್ರ. ಆರು ಅಡಿಗೆ ಒಂದಡಿಯ ಏರಿನಲ್ಲಿ 250 ಕಿಲೋ ಹೊರೆಗೆ ಆ ಪಾಲು ಸುಮಾರು 42 ಕಿಲೋ. ಹಳೆ ಪದ್ಧತಿಯಲ್ಲಿ ಇದರ ಬದಲು ಇಡೀ ಉಜ್ಜಾಟ ಬೋಲ್ಟಿನ ತಲೆಗೇ ಬೀಳುತ್ತಿತ್ತು. ಒಣ ಮುರದ ಮೇಲೆ ಉಜ್ಜಾಟ ಹೊರೆಯ ಅರ್ಧದಷ್ಟು ಎಂದು ಹಿಡಿದರೆ ಅದೇ 125 ಕಿಲೋ.

ಹಾಗಾದರೆ ಮರ ಯಾಕೆ, ಪೂರ್ತಿ ಕಬ್ಬಿಣದಲ್ಲೇ ಮಾಡಬಾರದಾ ಎಂದು ಭಾವನೂ ಕೇಳಿದರು. ಕಣಿ ದಾಟುವಾಗ ಕಾಲು ಎರಡು ತುದಿಯಲ್ಲಿ ಮಾತ್ರ ಕೂತು, ಹೊರೆ ನಡುವಲ್ಲಿ ನಿಲ್ಲುತ್ತದೆ. 50 ಮಿಲಿಮೀಟರ್ ಅಗಲ, 75 ಮಿಲಿಮೀಟರ್ ಎತ್ತರದ ಹೆಬ್ಬಲಸಿನ ಕಾಲು ಇದನ್ನು ಲೀಲಾಜಾಲವಾಗಿ ಹೊರುತ್ತದೆ. 6 ಮಿಲಿಮೀಟರ್ ಫ್ಲಾಟ್ ಒಂದೇ ಇದ್ದರೆ ಜೋತು ಬೀಳುತ್ತದೆ. ಕಬ್ಬಿಣದಲ್ಲೇ ಹೊರಿಸಬೇಕಾದರೆ ಪೈಪೋ ಚಾನಲ್ಲೋ ಬೇಕು. ತೂಕ ಏರುತ್ತದೆ, ದುಡ್ಡೂ ಏರುತ್ತದೆ. ಖಾಲಿ ಬಂಡಿಯನ್ನೂ ಯಾರೋ ಒಬ್ಬರು ಗುಡ್ಡೆ ಹತ್ತಿಸಬೇಕಲ್ಲ. ಭಾರ ಮರ ಹೊರಲಿ, ಎಳೆತ ಕಬ್ಬಿಣ ತಿನ್ನಲಿ ಎಂದು ನಿಶ್ಚಯ ಮಾಡಿದೆವು.

ಮಾಡಿದ್ದು ಹೀಗೆ

ಪಟ್ಟಿಗೆ 50 × 6 ಮಿಲಿಮೀಟರ್ ಸಾದಾ ಫ್ಲಾಟ್. ಒಂದು ಮೀಟರಿಗೆ 2.36 ಕಿಲೋ ತೂಗುತ್ತದೆ. ಒಂದು ಕಾಲಿಗೆ 1.8 ಮೀಟರ್: ನೆಲಕ್ಕೆ ತಾಗುವ ಭಾಗ 1.3 ಮೀಟರ್, ಮೂಗಿಗೆ 40 ಸೆಂಟಿಮೀಟರ್, ಬಾಲಕ್ಕೆ 10. ನೆಲಕ್ಕೆ ತಾಗುವ ಉದ್ದವನ್ನು ಹೇಳಿದ್ದು ಕಣಿ. ಹೊರೆಯ ನಡುಭಾಗ ಕಣಿಯ ಬಾಯಿಗೆ ಬರುವ ಮೊದಲು ಬಂಡಿಯ ಮುಂಭಾಗ ಆಚೆ ದಡಕ್ಕೆ ತಾಗಿರಬೇಕು, ಇಲ್ಲದಿದ್ದರೆ ಮೂಗು ಮಗುಚುತ್ತದೆ. 60 ಸೆಂಟಿಮೀಟರಿನ ಕಣಿಗೆ ನಡುವಿನಿಂದ ಮುಂದಕ್ಕೆ 65 ಸೆಂಟಿಮೀಟರ್ ಬೇಕು, ಹಿಂದಕ್ಕೂ ಅಷ್ಟೇ. ಹಾಗೆ 130. ನಿಮ್ಮ ತೋಟದ ಕಣಿ ಇದಕ್ಕಿಂತ ಅಗಲ ಇದ್ದರೆ ಕಾಲೂ ಉದ್ದ ಆಗಬೇಕು. ಆದರೆ 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಕೆಯ ನಡುವೆ ಬಂಡಿ ತಿರುಗಬೇಕು, ಅದೂ ನೆನಪಿರಲಿ. ಹಳೇ ಒತ್ತು ತೋಟಗಳಲ್ಲಿ ಅಷ್ಟು ಜಾಗವೂ ಸಿಗುವುದಿಲ್ಲ.

ಅಡಿಯಲ್ಲಿ ಒಂದೇ ಒಂದು ತೂತು ಇಲ್ಲ. ಪಟ್ಟಿಯ ಎರಡೂ ಅಂಚಿಗೆ ಮೇಲ್ಮುಖವಾಗಿ ಕಿವಿಗಳನ್ನು ವೆಲ್ಡ್ ಮಾಡಿದೆ, ಒಂದು ಕಾಲಿಗೆ ಮೂರು ಜೋಡಿ. 40 × 6 ಫ್ಲಾಟಿನ 6 ಸೆಂಟಿಮೀಟರ್ ತುಂಡು ಸಾಕು. ಮರ ಆ ಕಿವಿಗಳ ನಡುವೆ ಕೂರುತ್ತದೆ. 12 ಮಿಲಿಮೀಟರ್ ಬೋಲ್ಟು ಅಡ್ಡಕ್ಕೆ ಕಿವಿ, ಮರ, ಕಿವಿ ದಾಟಿ ಬರುತ್ತದೆ. ಬೋಲ್ಟು ನೆಲದಿಂದ ನಾಲ್ಕು ಸೆಂಟಿಮೀಟರಿಗಿಂತ ಮೇಲೆ. ಪಟ್ಟಿ ಸವೆದು ತೆಳುವಾದರೂ ಬೋಲ್ಟಿನ ಹಿಡಿತಕ್ಕೆ ಏನೂ ಆಗುವುದಿಲ್ಲ. ಸಾದಾ ಕಬ್ಬಿಣಕ್ಕೆ ಸಾದಾ ಕಬ್ಬಿಣ, ಆದ್ದರಿಂದ ಪೇಟೆಯ ಯಾವ ವೆಲ್ಡರ್ ಬೇಕಾದರೂ ಮಾಡಬಹುದು. ಒಂದು ಕಿವಿಯ ಬುಡಕ್ಕೆ 4 ಮಿಲಿಮೀಟರ್ ವೆಲ್ಡ್ 40 ಮಿಲಿಮೀಟರ್ ಉದ್ದಕ್ಕೆ ಸರಿಯಾಗಿ ಬಿದ್ದರೆ ಸುರಕ್ಷಿತ ಲೆಕ್ಕದಲ್ಲೇ ಒಂದು ಟನ್ ತಡೆಯುತ್ತದೆ. ಹೀಗಾಗಿ ವೆಲ್ಡ್ ಬಗ್ಗೆ ಹೆದರಿಕೆ ಬೇಡ. ಹೆದರಬೇಕಾದ್ದು ಮರ ಸೀಳುವುದಕ್ಕೆ. ಮರದ ತುದಿಗೂ ಬೋಲ್ಟಿಗೂ ಬೋಲ್ಟಿನ ದಪ್ಪದ ಏಳು ಪಟ್ಟು ದೂರ ಇಡಬೇಕು, ಅಂದರೆ ಇಲ್ಲಿ ಎಂಟೂವರೆ ಸೆಂಟಿಮೀಟರ್.

ಕಿವಿಗಳ ನಡುವಿನ ಅಂತರವನ್ನು ಮರದ ಅಗಲಕ್ಕಿಂತ 2 ಮಿಲಿಮೀಟರ್ ಜಾಸ್ತಿ ಬಿಟ್ಟೆ. ನಮ್ಮ ಮಳೆಗಾಲಕ್ಕೆ ಮರ ಅಡ್ಡಕ್ಕೆ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಕಬ್ಬಿಣಕ್ಕೂ ಮರಕ್ಕೂ ನಡುವೆ ನೀರು ನಿಂತರೆ ಮರ ಕುಂಬಾಗುತ್ತದೆ. ಅದಕ್ಕೆ ಕೂರಿಸುವ ಮೊದಲು ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಈ ಊರಲ್ಲಿ ಅದಕ್ಕೆ ಬರವಿಲ್ಲ. ಕೈಗೆ ತಾಗಿದರೆ ಸುಡುತ್ತದೆ, ಬಟ್ಟೆ ಸುತ್ತಿದ ಕೋಲಿನಲ್ಲಿ ಬಳಿಯಬೇಕು.

ಮೂಗನ್ನು ಕಾಲು ವೃತ್ತದ ಹಾಗೆ ಬಾಗಿಸಿ 25 ಸೆಂಟಿಮೀಟರ್ ಎತ್ತರಕ್ಕೆ ಎಬ್ಬಿಸಿದೆ. 6 ಮಿಲಿಮೀಟರ್ ಫ್ಲಾಟನ್ನು ಇಷ್ಟು ದೊಡ್ಡ ಬಾಗಿಗೆ ಕಾಯಿಸುವ ಅಗತ್ಯವಿಲ್ಲ, ಹಾಗೇ ಬಗ್ಗುತ್ತದೆ. ಮೂಗಿನ ತುದಿಯಿಂದ ಮರದ ಮೇಲ್ಬದಿಗೆ ಒಂದು ಓರೆ ಪಟ್ಟಿ ಬೇಕೇ ಬೇಕು. ಅದಿಲ್ಲದಿದ್ದರೆ ಎಳೆತಕ್ಕೇ ಮೂಗು ಬಿಚ್ಚಿಕೊಳ್ಳುತ್ತದೆ. ಎರಡು ಮೂಗುಗಳ ನಡುವೆ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಕಾಲುಗಳು ಒಂದಕ್ಕೊಂದು ಓರೆಯಾಗದಿರಲು. ಹಗ್ಗವನ್ನು ಆ ಪೈಪಿನ ನಡುವಿಗೆ ಕಟ್ಟಬಾರದು, ಪೈಪು ಬಾಗುತ್ತದೆ. ಎರಡು ಮೂಗಿನ ಒಳ ಅಂಚಿಗೆ ಒಂದೊಂದು ಬಳೆ, ಅಲ್ಲಿಂದ ಹಗ್ಗ ಕವಲಾಗಿ ಬಂದು ಸೇರಬೇಕು.

ಬಳೆಯ ಎತ್ತರದ ವಿಷಯ ಸ್ವಲ್ಪ ಹೇಳಬೇಕು. ಬಳೆ ಮೇಲಿದ್ದರೆ ಎಳೆದಾಗ ಮೂಗು ನೆಲಕ್ಕೆ ಕುತ್ತುತ್ತದೆ. ಕೆಳಗಿದ್ದು ಹಗ್ಗ ಮೇಲಕ್ಕೆ ಓರೆಯಾಗಿದ್ದರೆ ಮೂಗು ಹಗುರವಾಗುತ್ತದೆ. ಇಲ್ಲಿ ನೆಲದಿಂದ 8 ಸೆಂಟಿಮೀಟರಿಗೆ ಇಟ್ಟೆ. ಉಜ್ಜಾಟ ಹೊರೆಯ ಅರ್ಧದಷ್ಟಿರುವಲ್ಲಿ ಹಗ್ಗ ಸುಮಾರು 26 ಡಿಗ್ರಿ ಓರೆಯಿದ್ದರೆ ಎಳೆಯುವುದು ಎಲ್ಲಕ್ಕಿಂತ ಹಗುರ. ನೆಲಕ್ಕೆ ಸಮನಾಗಿ ಎಳೆಯುವುದಕ್ಕಿಂತ ನೂರಕ್ಕೆ ಹತ್ತರಷ್ಟು ಉಳಿತಾಯ. ಭುಜಕ್ಕೆ ಹಗ್ಗ ಹಾಕಿ ಎಳೆಯುವವರಿಗೆ ಮೂರು ಮೀಟರ್ ಹಗ್ಗ ಇದಕ್ಕೆ ಹತ್ತಿರ ಬರುತ್ತದೆ. ಬೆನ್ನಿಗೆ ದಿನವಿಡೀ ಈ ಹತ್ತು ಪಾಲು ಸಣ್ಣದಲ್ಲ.

ಇನ್ನು ಸವೆತ. ಪಟ್ಟಿಯ ಅಡಿಯ ನಡುವೆ ಉದ್ದಕ್ಕೂ 12 ಮಿಲಿಮೀಟರ್ ಟಿಎಂಟಿ ಸರಳು (ಕಾಂಕ್ರೀಟಿನೊಳಗೆ ಹಾಕುವ ಕಂಬಿ) ವೆಲ್ಡ್ ಮಾಡಿದೆ. ಮನೆ ಕಟ್ಟುವಾಗ ಉಳಿದ ತುಂಡುಗಳು ಯಾರ ಮನೆಯ ಹಿಂದೆಯೂ ಸಿಗುತ್ತವೆ. ಟಿಎಂಟಿ ಸರಳಿನ ಹೊರಪದರ ಒಳಗಿಗಿಂತ ಗಡುಸು, ವೆಲ್ಡಿಂಗಿಗೂ ಹಟ ಮಾಡುವುದಿಲ್ಲ. ಗಟ್ಟಿ ನೆಲದಲ್ಲಿ ಮೊದಲು ಸವೆಯುವುದು ಈ ಸರಳು. ಮೆದು ಮಣ್ಣಿನಲ್ಲಿ ಸರಳು ಹುದುಗಿ, ಅಗಲ ಪಟ್ಟಿ ಭಾರ ತೆಗೆದುಕೊಳ್ಳುತ್ತದೆ. ಇನ್ನೊಂದು ಲಾಭ: ಓರೆ ದಾರಿಯಲ್ಲಿ ಬಂಡಿ ಕಣಿಯ ಕಡೆಗೆ ಜಾರುವುದು ನಿಂತಿತು. ಸರಳು ಗೀರು ಹಾಕಿಕೊಂಡು ನೇರ ಹೋಗುತ್ತದೆ. ವೆಲ್ಡನ್ನು ಉದ್ದಕ್ಕೂ ಎಳೆಯಬಾರದು. 15 ಸೆಂಟಿಮೀಟರಿಗೊಂದರಂತೆ ಎರಡೂ ಬದಿಗೆ ಬಿಟ್ಟು ಬಿಟ್ಟು, ಎರಡೂವರೆ ಸೆಂಟಿಮೀಟರ್ ಹಾಕಿದರೆ ಸಾಕು. ಉದ್ದಕ್ಕೂ ಹಾಕಿದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ, ಸರಳಿನ ಗಡಸುತನವೂ ಬಿಸಿಗೆ ಹೋಗುತ್ತದೆ.

ಜೆಸಿಬಿಯ ಹಲ್ಲಿಗೆ ಹಾಕುವ ಗಡಸು ರಾಡಿನ ವೆಲ್ಡ್ ಹಾಕಿಸಿದರೆ ಹೇಗೆ ಎಂಬ ಮಾತೂ ಬಂತು. ನಾನು ಬೇಡ ಎಂದೆ. ಆ ರಾಡಿಗೆ ಬೆಲೆ ಜಾಸ್ತಿ, ಮೈ ಒರಟು, ಎಳೆಯುವವನಿಗೆ ಕಷ್ಟ. ಇಲ್ಲಿ ಹೆಚ್ಚು ದಿನ ಬಾಳುವ ಕಬ್ಬಿಣಕ್ಕಿಂತ ಬೇಗ ಬದಲಿಸಬಹುದಾದ ಕಬ್ಬಿಣ ಮೇಲು.

ತೂಕದ ಲೆಕ್ಕ: ಫ್ಲಾಟ್ ಎಂಟೂವರೆ ಕಿಲೋ, ಕಿವಿ ಒಂದೂವರೆ, ಸರಳು ಎರಡೂಕಾಲು, ಬಳೆ ಬೋಲ್ಟು ಒಂದು. ಓರೆ ಪಟ್ಟಿ, ಪೈಪು ಬಿಟ್ಟು 13 ಕಿಲೋ ಚಿಲ್ಲರೆ. ಕಿಲೋಗೆ 70 ರೂಪಾಯಿ ಹಿಡಿದರೆ ಕಬ್ಬಿಣಕ್ಕೆ ಸಾವಿರದ ಒಳಗೆ. 12 ಮಿಲಿಮೀಟರ್ ದಪ್ಪದ ಫ್ಲಾಟ್ ಹಾಕಿದ್ದರೆ ಫ್ಲಾಟೊಂದೇ 17 ಕಿಲೋ ಆಗುತ್ತಿತ್ತು, ತೂತು ಹಾಕಿ ಕೂರಿಸಿದರೆ ಬೋಲ್ಟಿನ ತಲೆ ಸವೆದ ದಿನ ಅದೂ ಗುಜರಿಗೇ.

ಒಂದು ಕೆಲಸದ ಕಾಲ ಕಳೆದ ಮೇಲೆ

ಅಡಕೆ ಕೊಯ್ಲು, ಕಟ್ಟದ ಕೆಲಸ ಎರಡೂ ಮುಗಿದ ಮೇಲೆ ಬಂಡಿಯನ್ನು ಮಗುಚಿ ನೋಡಿದೆವು. ಕಿವಿ, ಬೋಲ್ಟು ಹಾಗೇ ಇದ್ದವು. ಸರಳಿನ ಏಣುಗಳು ಪೂರ್ತಿ ಹೋಗಿ ನುಣುಪಾಗಿತ್ತು. ಹಿಂಬದಿಯ ಒಂದಡಿಯಲ್ಲಿ ಮಾತ್ರ ಸರಳು ಅರ್ಧಕ್ಕೆ ಬಂದಿತ್ತು. ಹಗ್ಗ ಮೂಗನ್ನು ಎತ್ತುವುದರಿಂದ ಭಾರ ಹಿಮ್ಮಡಿಗೆ ಹೋಗುತ್ತದೆ, ಸವೆತವೂ ಅಲ್ಲೇ. ಇಡೀ ಸರಳು ತೆಗೆಯದೆ ಆ ಒಂದಡಿ ಮಾತ್ರ ಗ್ರೈಂಡರಿನಿಂದ ಕತ್ತರಿಸಿ ಹೊಸ ತುಂಡು ಹಾಕಿದೆ. ಅರ್ಧ ಗಂಟೆಯ ಕೆಲಸವೂ ಅಲ್ಲ.

ಒಂದು ಬದಲಾವಣೆ ಮಾಡಿದೆವು. ಬೋಲ್ಟಿನ ನಟ್ಟು ಹೊರಬದಿಗಿದ್ದ ಕಡೆ ಅಡಕೆಯ ಬೇರು ಸಿಕ್ಕಿಕೊಳ್ಳುತ್ತಿತ್ತು. ಈಗ ತಲೆ ಹೊರಗೆ, ನಟ್ಟು ಒಳಗೆ. ಕಿವಿಗಳ ಮುಂದಿನ ಅಂಚನ್ನೂ ಓರೆಯಾಗಿ ಉಜ್ಜಿದ್ದೇನೆ.

ಜೀಪಿನಿಂದ ಎಳೆಸುವುದನ್ನು ಬಿಡಿ ಎಂದು ಹೇಳಿ ಪ್ರಯೋಜನವಿಲ್ಲ. ಕಲ್ಲು ಮೇಲೆ ಬರಲೇಬೇಕು. ಆದ್ದರಿಂದ ಜೀಪಿನ ಹಗ್ಗಕ್ಕೂ ಬಂಡಿಗೂ ನಡುವೆ ತೆಂಗಿನ ನಾರಿನ ಹಗ್ಗದ ಒಂದು ಕುಣಿಕೆ ಹಾಕಿಸಿದ್ದೇನೆ. ಬಂಡಿ ಎಲ್ಲಾದರೂ ಸಿಕ್ಕಿಕೊಂಡರೆ ಮೂಗು ಕಿತ್ತುಹೋಗುವ ಮೊದಲು ಕುಣಿಕೆ ಹರಿಯಬೇಕು. ಹೊರೆ ತುಂಬಿದ ಬಂಡಿಯಲ್ಲಿ ನಿಧಾನವಾಗಿ ಎಳೆಸಿ, ಹರಿಯದಷ್ಟು ಎಳೆ ಮಾತ್ರ ಉಳಿಸಿಕೊಂಡರೆ ದಪ್ಪ ಸರಿಹೋಗುತ್ತದೆ. ಆದರೆ ಕಡಿದಾದ ಏರಿನಲ್ಲಿ ಕುಣಿಕೆ ಹರಿದರೆ ಬಂಡಿ ಹಿಂದಕ್ಕೆ ಜಾರಬಹುದು. ಹಾಗಾಗಿ ಎರಡೂ ಕಾಲಿನ ಬಾಲಕ್ಕೆ ಕೀಲು ಕೊಟ್ಟು ಒಂದೊಂದು ಊರುಗೋಲು ನೇತು ಹಾಕಿದ್ದೇವೆ, ತುದಿ ಚೂಪು ಮಾಡಿದ 16 ಮಿಲಿಮೀಟರ್ ಸರಳು. ಮುಂದೆ ಹೋಗುವಾಗ ಅದು ನೆಲದ ಮೇಲೆ ಎಳೆದುಕೊಂಡು ಬರುತ್ತದೆ, ಬಂಡಿ ಹಿಂದೆ ಸರಿದರೆ ನೆಲಕ್ಕೆ ಚುಚ್ಚಿ ನಿಲ್ಲಿಸುತ್ತದೆ. ಎಳೆಯುವಾಗ ಬಂಡಿಯ ಹಿಂದೆಯಾಗಲಿ ಹಗ್ಗದ ನೇರಕ್ಕಾಗಲಿ ಯಾರೂ ನಿಲ್ಲಬಾರದು ಎಂಬುದನ್ನು ಭಾವ ಕೆಲಸದವರಿಗೆ ತುಳುವಿನಲ್ಲೂ ಮಲಯಾಳದಲ್ಲೂ ಹೇಳಿಟ್ಟಿದ್ದಾರೆ.

ಗೊಬ್ಬರ ತುಂಬಿ ಇಳಿಸುವುದಕ್ಕೆ ಬೇರೆ ಉಪಾಯ. ಉಜ್ಜಾಟ ಹೊರೆಯ ನೂರಕ್ಕೆ 40ರಷ್ಟಿದ್ದರೆ, ಎರಡೂವರೆ ಅಡಿಗೆ ಒಂದಡಿ ಇಳಿಯುವಲ್ಲಿ ಬಂಡಿ ಎಳೆಯದೆಯೇ ಜಾರುತ್ತದೆ. ಅಲ್ಲಿಗೆ ಬರುವ ಮೊದಲು ಕಾಲಿನ ಅಡಿಗೆ ಒಂದು ಸುತ್ತು ಸರಪಳಿ ಹಾಕಿದರೆ ಬಂಡಿ ಹಿಡಿದುಕೊಳ್ಳುತ್ತದೆ. ಸರಪಳಿ ಸಿಕ್ಕಿಸಲು ನಡುವಿನ ಕಿವಿಯ ಪಕ್ಕ ಒಂದು ಕೊಕ್ಕೆ ಹಾಕಿದ್ದೇನೆ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಮಾತ್ರ ಸರಪಳಿಯನ್ನೂ ನಂಬುವ ಹಾಗಿಲ್ಲ. ಜೂನಿನಿಂದ ದಾರಿ ಒಣಗುವವರೆಗೆ ಬಂಡಿ ಹಟ್ಟಿಯ ಮಾಡಿನಡಿಯಲ್ಲಿ, ಎರಡು ಕಲ್ಲಿನ ಮೇಲೆ ಎತ್ತಿಟ್ಟಿರುತ್ತದೆ.